ತೆರಿಗೆಯ ರಿಟರ್ನು ಯಾರ ಕೈಲಿ ಬರೆಸಬೇಕು?



ಇವತ್ತು ನಾನು ಮಾತನಾಡತಕ್ಕ ವಿಷಯ ಬೆಳೆಯದಲ್ಲ, ದನಕರುವಿನದಲ್ಲ. ವರಮಾನ ತೆರಿಗೆಯದು. ಆದಾಯ ತೆರಿಗೆ ಎಂದರೂ ಅದೇ. ‘ನಮಗೂ ಅದಕ್ಕೂ ಏನು ಸಂಬಂಧ ಸ್ವಾಮಿ, ಅದು ಪೇಟೆಯ ಸಾಹುಕಾರರ ಪಾಡು’ ಎಂದು ನೀವು ರೇಡಿಯೋದ ಕಿವಿ ಹಿಂಡುವ ಮೊದಲು ಒಂದು ಗಳಿಗೆ ತಾಳಿರಿ. ನಮ್ಮ ಪಕ್ಕದ ಊರಿನ ರೈತರೊಬ್ಬರ ಸಂಗತಿ ಹೇಳುತ್ತೇನೆ. ಹೆಸರು ಬೇಡ.

ಅವರಿಗೆ ಐವತ್ತೈದರ ಸುಮಾರು ವಯಸ್ಸು. ತೆಂಗು, ಅಡಿಕೆ, ಮೇಲುಗಡೆ ಒಂದಿಷ್ಟು ರಾಗಿಯ ಹೊಲ. ರಸ್ತೆ ಅಗಲ ಮಾಡುವಾಗ ಹೊಲದ ಒಂದು ಭಾಗ ಹೋಯಿತು, ಪರಿಹಾರ ಬಂತು. ಮೊದಲು ಉಳಿತಾಯ ಖಾತೆಗೆ ಜಮಾ ಆಯಿತು. ಅದರಲ್ಲಿ 60 ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರು. 2023-24ರಲ್ಲಿ ಅದಕ್ಕೆ 4,20,000 ರೂಪಾಯಿ ಬಡ್ಡಿ ಬಂತು. ಬ್ಯಾಂಕಿನವರು ಕಾಯಿದೆ ಪ್ರಕಾರ ನೂರಕ್ಕೆ ಹತ್ತರಂತೆ 42,000 ರೂಪಾಯಿ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಿದರು. ‘ನನ್ನ ಹಣ ನಲವತ್ತೆರಡು ಸಾವಿರ ಹೋಯ್ತಲ್ಲಪ್ಪ’ ಎಂದು ಇವರಿಗೆ ಚಿಂತೆ. ಪೇಟೆಯಲ್ಲಿ ಒಬ್ಬ ಮೇಜು ಹಾಕಿಕೊಂಡು ಕೂತಿದ್ದ. ‘ಪೂರಾ ವಾಪಸು ತರಿಸಿಕೊಡ್ತೀನಿ, ನಾಲ್ಕರಲ್ಲಿ ಒಂದು ಪಾಲು ನನಗೆ’ ಎಂದ. ಇವರು ಒಪ್ಪಿದರು. ಪ್ಯಾನ್ ಕಾರ್ಡು ಕೊಟ್ಟರು, ಆಧಾರ್ ಕೊಟ್ಟರು, ಮೊಬೈಲಿಗೆ ಬಂದ ಗುಟ್ಟಿನ ಸಂಖ್ಯೆಯನ್ನೂ ಓದಿ ಹೇಳಿದರು. ಒಂದೂವರೆ ತಿಂಗಳಲ್ಲಿ 42,000 ರೂಪಾಯಿ ಇವರ ಖಾತೆಗೆ ಬಂತು. 10,500 ರೂಪಾಯಿ ಎಣಿಸಿ ಕೊಟ್ಟು, ಪುಣ್ಯಾತ್ಮ ಎಂದು ಕೈಮುಗಿದು ಬಂದರು.

ಮರುವರ್ಷ ಹೋದರೆ ಅಂಗಡಿಗೆ ಬೀಗ. 2025ರ ಡಿಸೆಂಬರಿನಲ್ಲಿ, ಕೊನೆಯ ಗಡುವು ಹತ್ತಿರ ಬಂದಾಗ, ನಮ್ಮ ಮನೆಗೆ ಬಂದರು. ನಾನು ಹಾಲಿನ ಸಂಘದಲ್ಲಿ ಲೆಕ್ಕ ಬರೆಯುವವನು, ತೆರಿಗೆಯ ಪಂಡಿತನಲ್ಲ. ಆದರೂ ಅಂಕಿ ಕಂಡರೆ ಹೆದರುವವನಲ್ಲ ಎಂದು ಊರಲ್ಲಿ ನಂಬಿಕೆ. ಅವರ ಮೊಬೈಲು ಆಧಾರ್‌ಗೆ ಜೋಡಣೆಯಾಗಿತ್ತು. ಅದಕ್ಕೆ ಬರುವ ಸಂಖ್ಯೆಯಿಂದ ಇಲಾಖೆಯ ಜಾಲತಾಣದಲ್ಲಿ ಹೊಸ ಗುಪ್ತಪದ ಮಾಡಿಕೊಂಡು ಖಾತೆ ತೆರೆದೆವು. ಒಳಗೆ ಮೂರು ನೋಟೀಸು ಬಿದ್ದಿದ್ದವು. ಒಂದಕ್ಕೂ ಉತ್ತರ ಹೋಗಿರಲಿಲ್ಲ. ಕೊನೆಗೆ ಆದೇಶವೂ ಆಗಿಹೋಗಿತ್ತು. ನೋಟೀಸು ಬಂದದ್ದು ಇವರಿಗೆ ತಿಳಿಯದಿದ್ದುದೇಕೆ? ಖಾತೆಯಲ್ಲಿದ್ದ ಇ-ಮೇಲ್ ವಿಳಾಸ ಅವನದು, ಫೋನ್ ಸಂಖ್ಯೆಯೂ ಅವನದು.

ಅವನು ಬರೆದಿದ್ದುದು ಇಷ್ಟು. ಬೇಸಾಯದ ವರಮಾನ 5 ಲಕ್ಷ, ಅದು ನಿಜ. ಬಡ್ಡಿ 4,20,000, ಅದೂ ನಿಜ. ಆಮೇಲೆ ಜೀವವಿಮೆಯ ಕಂತು 1,50,000, ಆರೋಗ್ಯ ವಿಮೆ 25,000 ಎಂದು ವಜಾ ಹಾಕಿದ್ದ. ನಮ್ಮ ರೈತರಿಗೆ ಜೀವವಿಮೆಯೂ ಇಲ್ಲ, ಆರೋಗ್ಯ ವಿಮೆಯೂ ಇಲ್ಲ! ರಸೀತಿ ತೋರಿಸಿ ಎಂದು ಇಲಾಖೆ ಕೇಳಿದೆ. ತೋರಿಸುವವರು ಯಾರು? ಆ ಕಡಿತ ಬಿದ್ದುಹೋಯಿತು. ಅವನು ಆರಿಸಿದ್ದ ಹಳೆಯ ತೆರಿಗೆ ಪದ್ಧತಿಯ ದರದಲ್ಲಿ ಲೆಕ್ಕ ಹಾಕಿದರೆ ಉಪಕರವೂ ಸೇರಿ 22,360 ರೂಪಾಯಿ ತೆರಿಗೆ, ಅದರ ಮೇಲೆ ಬಡ್ಡಿ. ಸುಳ್ಳು ವಿವರ ಕೊಟ್ಟದ್ದಕ್ಕೆ ತೆರಿಗೆಯ ಎರಡು ಪಟ್ಟು ದಂಡ ಹಾಕಲು ಕಾಯಿದೆಯಲ್ಲಿ ಅವಕಾಶವುಂಟು.

ಹೊಟ್ಟೆ ಉರಿಯುವ ಮಾತು ಇನ್ನೊಂದಿದೆ. ಒಂದೂ ಸುಳ್ಳು ಬರೆಯದೆ, ಆ ವರ್ಷದ ಹೊಸ ಪದ್ಧತಿಯಲ್ಲಿ ಉಳ್ಳದ್ದು ಉಳ್ಳ ಹಾಗೆ ಬರೆದಿದ್ದರೂ ಆ 42,000 ರೂಪಾಯಿ ಪೂರಾ ವಾಪಸು ಬರುತ್ತಿತ್ತು! ಅದು ಹೇಗೆ ಎಂದು ಮುಂದೆ ಲೆಕ್ಕ ಹೇಳುತ್ತೇನೆ, ಪೆನ್ಸಿಲು ಕಾಗದ ಹತ್ತಿರ ಇಟ್ಟುಕೊಳ್ಳಿ.

ಮೊದಲು, ಯಾರಿಗೆ ಈ ರಗಳೆಯೇ ಬೇಡ ಎಂಬುದನ್ನು ಹೇಳಿಬಿಡೋಣ. ಬೇಸಾಯದಿಂದ ಬಂದ ವರಮಾನಕ್ಕೆ ಕೇಂದ್ರ ಸರ್ಕಾರದ ತೆರಿಗೆ ಇಲ್ಲ. 1860ರಲ್ಲಿ ಬ್ರಿಟಿಷರು ಮೊದಲು ಈ ತೆರಿಗೆ ತಂದಾಗ ಭೂಮಿಯ ವರಮಾನವನ್ನೂ ಬಿಟ್ಟಿರಲಿಲ್ಲ. 1886ರ ಕಾಯಿದೆಯಲ್ಲಿ ಬೇಸಾಯಕ್ಕೆ ವಿನಾಯಿತಿ ಕೊಟ್ಟರು. ನಮ್ಮ ಸಂವಿಧಾನವೂ ಬೇಸಾಯದ ವರಮಾನದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳ ಪಟ್ಟಿಯಲ್ಲಿ ಇಟ್ಟಿದೆ. 1961ರ ಕಾಯಿದೆಯ ಬದಲು 2025ರ ಹೊಸ ಆದಾಯ ತೆರಿಗೆ ಕಾಯಿದೆ ಬಂದಿದೆ, 2026ರ ಏಪ್ರಿಲ್ 1ರಿಂದ ಅದು ಜಾರಿ. ಕಲಮುಗಳ ಸಂಖ್ಯೆ ಬದಲಾಗಿದೆ, ಬೇಸಾಯದ ವಿನಾಯಿತಿ ಮಾತ್ರ ಹಾಗೆಯೇ ಇದೆ. ಆದುದರಿಂದ ಬರಿಯ ಹೊಲ ಗದ್ದೆ ತೋಟದ ವರಮಾನವುಳ್ಳವರು, ಬ್ಯಾಂಕಿನಲ್ಲಿ ಸಣ್ಣಪುಟ್ಟ ಬಡ್ಡಿ ಬರುವವರು ನಿಶ್ಚಿಂತೆಯಾಗಿ ಮಲಗಬಹುದು. ‘ರಿಟರ್ನು ಹಾಕದಿದ್ದರೆ ಜೈಲು’ ಎಂದು ಯಾರಾದರೂ ಹೆದರಿಸಿದರೆ ಅವರ ಮುಂದೆ ದುಡ್ಡು ಬಿಚ್ಚಬೇಡಿ.

ಆದರೆ ಯಾವುದು ಬೇಸಾಯ, ಯಾವುದು ಅಲ್ಲ? ಇಲ್ಲೇ ನಮ್ಮ ಜನ ಎಡವುವುದು. ಹೊಗೆಸೊಪ್ಪನ್ನು ನೋಡಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಎಲೆ ಕಿತ್ತು, ಬ್ಯಾರನ್ನಿನಲ್ಲಿ ಕಾವು ಕೊಟ್ಟು ಹದ ಮಾಡುತ್ತಾರೆ. ಹಸಿ ಎಲೆಯನ್ನು ಕೊಳ್ಳುವವರಿಲ್ಲ. ಮಾರುಕಟ್ಟೆಗೆ ಒಯ್ಯುವಂತೆ ಮಾಡಲು ರೈತ ಸಾಮಾನ್ಯವಾಗಿ ಮಾಡತಕ್ಕ ಕೆಲಸವದು, ಅದು ಬೇಸಾಯದಲ್ಲೇ ಸೇರಿತು. ಕಬ್ಬಿನ ಮಾತು ಬೇರೆ. ಕಬ್ಬನ್ನು ಕಬ್ಬಾಗಿಯೇ ಕೊಳ್ಳುವವರಿದ್ದಾರೆ. ಹಾಗಿರುವ ಕಡೆ ಆಲೆಮನೆ ಹೂಡಿ ಬೆಲ್ಲ ಮಾಡಿ ಮಾರಿದರೆ, ಬೆಲ್ಲ ಮಾಡಿದ ಲಾಭದ ಪಾಲು ಬೇಸಾಯದ್ದಲ್ಲ, ಕಸುಬಿನದು. ಕಾಫಿ ಬೆಳೆದು ತಾವೇ ಕ್ಯೂರಿಂಗ್ ಮಾಡಿ ಮಾರಿದರೆ ವರಮಾನದ ಶೇಕಡ 25 ಭಾಗ ವ್ಯಾಪಾರದ್ದು, ಹುರಿದು ಪುಡಿ ಮಾಡಿ ಮಾರಿದರೆ ಶೇಕಡ 40 ಭಾಗ ಎಂದು ನಿಯಮ. ನರ್ಸರಿಯ ಸಸಿ ಬೇಸಾಯ. ಹಾಲು ಬೇಸಾಯವಲ್ಲ. ಕೋಳಿ ಅಲ್ಲ, ಜೇನೂ ಅಲ್ಲ.

ಹಾಲು ಬೇಸಾಯವಲ್ಲವೆ ಎಂದು ನಮ್ಮ ಸಂಘದ ಸಭೆಯಲ್ಲೇ ಜಗಳ ಆಯಿತು! ಹೊಲದ ಹುಲ್ಲು ತಿಂದ ಹಸು ಕೊಟ್ಟ ಹಾಲು ಹೇಗೆ ಹೊಲದ್ದಲ್ಲ ಎಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ, ಆದರೆ ಕಾಯಿದೆ ಹಾಗೆ ಹೇಳುವುದಿಲ್ಲ. ಹೆದರಬೇಕಾದುದಿಲ್ಲ. ಸಣ್ಣ ವ್ಯಾಪಾರಕ್ಕೆ ಒಂದು ಅಂದಾಜು ಲೆಕ್ಕದ ಪದ್ಧತಿ ಉಂಟು. ಬ್ಯಾಂಕಿನ ಮೂಲಕ ಬಂದ ಹಣದಲ್ಲಿ ಶೇಕಡ 6, ರೊಕ್ಕದಲ್ಲಿ ಬಂದುದರಲ್ಲಿ ಶೇಕಡ 8 ಲಾಭ ಎಂದು ತೋರಿಸಬಹುದು, ಹೆಚ್ಚು ಸಿಕ್ಕಿದ್ದರೆ ಹೆಚ್ಚು ತೋರಿಸಬೇಕು. ವರ್ಷಕ್ಕೆ 12 ಲಕ್ಷ ರೂಪಾಯಿ ಹಾಲು ಹಾಕಿ, ಹಣ ಪೂರಾ ಬ್ಯಾಂಕಿಗೇ ಬರುವವರ ಲಾಭ ಈ ಲೆಕ್ಕದಲ್ಲಿ 72,000. ಬೇರೆ ವರಮಾನ ಇಲ್ಲದಿದ್ದರೆ ತೆರಿಗೆಯ ಬಾಗಿಲ ಹತ್ತಿರವೂ ಬರುವುದಿಲ್ಲ.

ಪಾವಗಡದ ಕಡೆಯ ಸಂಗತಿ ಇನ್ನೂ ಯೋಚಿಸತಕ್ಕದ್ದು. ಅಲ್ಲಿ ನಾಗಲಮಡಿಕೆ ಹೋಬಳಿಯ ಐದು ಹಳ್ಳಿಗಳ ಸುಮಾರು 13,000 ಎಕರೆ ಸೌರ ವಿದ್ಯುತ್ತಿನ ಪಾರ್ಕಿಗೆ ಹೋಯಿತು. ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ಬರಲಿ ಬಿಡಲಿ ಹಣ ಬರುತ್ತದೆ, ಬರದ ಸೀಮೆಗೆ ಅದು ದೊಡ್ಡದು. ಆದರೆ ಆ ನೆಲದಲ್ಲಿ ಈಗ ಕಡಲೆಕಾಯಿ ಬೆಳೆಯುವುದಿಲ್ಲ, ಗಾಜಿನ ಹಲಗೆ ನಿಂತಿವೆ. ಪಹಣಿಯಲ್ಲಿ ರೈತನ ಹೆಸರಿದ್ದ ಮಾತ್ರಕ್ಕೆ ಆ ಬಾಡಿಗೆ ಬೇಸಾಯದ ವರಮಾನ ಆಗದು. ಇಪ್ಪತ್ತು ಎಕರೆ ಕೊಟ್ಟವರಿಗೆ ಮೊದಲ ವರ್ಷವೇ 4,20,000 ಆಯಿತಲ್ಲ. ಇಂಥವರು ಒಮ್ಮೆ ತಿಳಿದವರನ್ನು ಕೇಳುವುದು ವಿಹಿತ. ಇನ್ನೆಲ್ಲಾದರೂ ಸೌರ ಕಂಪನಿಗೆ, ಮೊಬೈಲ್ ಗೋಪುರಕ್ಕೆ, ಗೋದಾಮಿಗೆ ನೆಲ ಬಾಡಿಗೆ ಕೊಟ್ಟವರಿಗೂ ಇದೇ ಮಾತು.

ಇನ್ನು ಆ 42,000ದ ಲೆಕ್ಕ. ಬೇಸಾಯಕ್ಕೆ ತೆರಿಗೆ ಇಲ್ಲ, ಸರಿ. ಆದರೆ ಮಿಕ್ಕ ವರಮಾನಕ್ಕೆ ಯಾವ ಮೆಟ್ಟಿಲಿನ ದರ ಎಂದು ನೋಡುವಾಗ ಬೇಸಾಯದ ವರಮಾನವನ್ನು ಮಣೆಯಂತೆ ಕೆಳಗಿಟ್ಟು, ಇದನ್ನು ಅದರ ಮೇಲೆ ನಿಲ್ಲಿಸುತ್ತಾರೆ. ಕೆ. ಎನ್. ರಾಜ್ ಅವರ ಸಮಿತಿ 1972ರಲ್ಲಿ ವರದಿ ಕೊಟ್ಟ ಮೇಲೆ 1973ರಲ್ಲಿ ಈ ಪದ್ಧತಿ ಬಂತು. ಬೇಸಾಯದ ನಿವ್ವಳ ವರಮಾನ 5,000 ರೂಪಾಯಿ ಮೀರಿ, ಮಿಕ್ಕ ವರಮಾನವೂ ತೆರಿಗೆಯಿಲ್ಲದ ಮಿತಿಯನ್ನು ಮೀರಿದ್ದರೆ ಮಾತ್ರ ಇದು ಅನ್ವಯ. ನಮ್ಮ ರೈತರ ಬೇಸಾಯ 5 ಲಕ್ಷ, ಬಡ್ಡಿ 4,20,000. ಕೂಡಿಸಿದರೆ 9,20,000. 2023-24ರ ಹೊಸ ಪದ್ಧತಿಯ ದರದಲ್ಲಿ ಅದಕ್ಕೆ 48,000 ರೂಪಾಯಿ ತೆರಿಗೆ. ಆಮೇಲೆ ಬೇಸಾಯದ 5 ಲಕ್ಷಕ್ಕೆ ಆ ವರ್ಷದ ಮಿತಿಯಾದ 3 ಲಕ್ಷ ಸೇರಿಸಿ. ಆ 8 ಲಕ್ಷಕ್ಕೆ 35,000. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, 13,000 ಉಳಿಯಿತು. ಅಷ್ಟಕ್ಕೆ ನಿಲ್ಲಲಿಲ್ಲ. ಬೇಸಾಯ ಬಿಟ್ಟು ಮಿಕ್ಕ ವರಮಾನ 7 ಲಕ್ಷ ಮೀರದವರಿಗೆ 25,000 ರೂಪಾಯಿಯವರೆಗೆ ರಿಯಾಯಿತಿ ಇತ್ತು. 13,000 ಹೋಗಿ ಸೊನ್ನೆ. ತೆರಿಗೆ ಸೊನ್ನೆಯಾದ ಮೇಲೆ ಬ್ಯಾಂಕು ಹಿಡಿದಿದ್ದ 42,000 ಪೂರಾ ವಾಪಸು! ಪಾಲು ಕೊಡುವ ಮಾತೇ ಇರಲಿಲ್ಲ.

2025-26ರ ವರಮಾನಕ್ಕೆ ಇದು ಇನ್ನೂ ಸಡಿಲ. ಹೊಸ ಪದ್ಧತಿಯಲ್ಲಿ ಮಿತಿ 4 ಲಕ್ಷ, ರಿಯಾಯಿತಿ 12 ಲಕ್ಷದವರೆಗಿನ ವರಮಾನಕ್ಕೆ 60,000 ರೂಪಾಯಿಯ ತನಕ. ಸೈಟು ಮಾರಿದ ಲಾಭಕ್ಕೆ ಬೇರೆ ದರ, ಬೇರೆ ಲೆಕ್ಕ, ಅದಕ್ಕೆ ಈ ರಿಯಾಯಿತಿ ಹತ್ತದು. ಒಂದು ಮಾತು ನೆನಪಿರಲಿ. ತೆರಿಗೆ ಸೊನ್ನೆಯಾಗುವುದು ಬೇರೆ, ರಿಟರ್ನು ಬೇಡವಾಗುವುದು ಬೇರೆ. ಬೇಸಾಯ ಬಿಟ್ಟು ಮಿಕ್ಕದ್ದು ಮಿತಿ ಮೀರಿದರೆ ರಿಟರ್ನು ಹಾಕಲೇಬೇಕು. ವರ್ಷದಲ್ಲಿ 25,000 ರೂಪಾಯಿ ಅಥವಾ ಹೆಚ್ಚು ತೆರಿಗೆ ಮೂಲದಲ್ಲೇ ಹಿಡಿದಿದ್ದರೆ, ಉಳಿತಾಯ ಖಾತೆಗಳಿಗೆ ಒಟ್ಟು 50 ಲಕ್ಷ ಅಥವಾ ಹೆಚ್ಚು ಜಮಾ ಆಗಿದ್ದರೆ ವರಮಾನ ಮಿತಿಯೊಳಗಿದ್ದರೂ ಹಾಕಬೇಕೆಂದು 2022ರಲ್ಲಿ ನಿಯಮ ಬಂತು. ಜಮೀನಿನ ಪರಿಹಾರ ಬಂದವರು ಇದನ್ನು ಗಮನಿಸಿ. 2013ರ ಭೂಸ್ವಾಧೀನ ಕಾಯಿದೆಯಂತೆ ಬಂದ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲವೆಂದು 2016ರ ಅಕ್ಟೋಬರಿನಲ್ಲಿ ಕೇಂದ್ರದ ತೆರಿಗೆ ಮಂಡಳಿ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಆದರೆ ಆ ಹಣ ಬ್ಯಾಂಕಿನಲ್ಲಿ ಮರಿ ಹಾಕಿದ ಬಡ್ಡಿಗೆ ವಿನಾಯಿತಿ ಇಲ್ಲ. ಪರಿಹಾರವನ್ನು ಕೋರ್ಟು ಹೆಚ್ಚಿಸಿ, ಹಳೆಯ ವರ್ಷಗಳ ಬಡ್ಡಿಯನ್ನೂ ಸೇರಿಸಿ ಕೊಡಿಸಿದ್ದರೆ ಅದು ಗೋಜಲಿನ ಬಾಬ್ತು. ನನ್ನಂಥವನನ್ನು ಕೇಳಬೇಡಿ, ನೇರ ಆಡಿಟರ ಬಳಿ ಹೋಗಿ.

ಹಾಗಾದರೆ ಯಾರ ಕೈಲಿ ಬರೆಸಬೇಕು?

ಬರೀ ಬಡ್ಡಿ, ಪಿಂಚಣಿ, ಸಂಬಳ ಇದ್ದು ಬೇಸಾಯ 5,000 ರೂಪಾಯಿಯ ಒಳಗಿದ್ದರೆ ‘ಸಹಜ್’ ಎಂಬ ಸುಲಭದ ನಮೂನೆ ಸಾಕು. ಮನೆಯಲ್ಲಿ ಕಾಲೇಜು ಓದಿದ ಮಗಳೋ ಸೊಸೆಯೋ ಇದ್ದರೆ ಅವರೇ ತುಂಬಬಲ್ಲರು. ಪೇಟೆಯ ಮೇಜಿನವನಿಗಿಂತ ಮನೆಯ ಹುಡುಗಿ ನೂರು ಪಾಲು ಮೇಲು ಎಂಬುದು ನನ್ನ ಅಭಿಪ್ರಾಯ, ಅವಳಿಗೆ ನಿಮ್ಮ ಜಮೀನೂ ಗೊತ್ತು, ಸಾಲವೂ ಗೊತ್ತು. ಬ್ಯಾಂಕಿನ ಬಡ್ಡಿ, ಹಿಡಿದ ತೆರಿಗೆ ಮೊದಲಾದವು ಜಾಲತಾಣದ ನಮೂನೆಯಲ್ಲಿ ತಾವಾಗಿಯೇ ತುಂಬಿ ಬರುತ್ತವೆ, ಸರಿ ಇದೆಯೇ ಎಂದು ನೋಡುವುದಷ್ಟೇ ಕೆಲಸ. ಬೇಸಾಯ 5,000 ಮೀರಿದರೆ ಸಹಜ್ ನಡೆಯದು, ಎರಡನೆಯ ನಮೂನೆ ಬೇಕು. ಬೇಸಾಯ 5 ಲಕ್ಷ ಮೀರಿದರೆ ಜಮೀನು ಯಾವ ಜಿಲ್ಲೆ, ಯಾವ ಪಿನ್ ಕೋಡು, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ಬರೆಯಬೇಕು. ಹಾಲಿನ ಲಾಭವನ್ನು ಅಂದಾಜಿನಲ್ಲಿ ತೋರಿಸುವವರಿಗೆ ‘ಸುಗಮ್’ ಎಂಬ ನಮೂನೆ ಇದೆ. ಹೆಸರು ಸುಗಮ್, ಆದರೆ ಬೇಸಾಯ 5,000 ಮೀರಿದ ರೈತನಿಗೆ ಅದೂ ಮುಚ್ಚಿದ ಬಾಗಿಲು, ಮೂರನೆಯ ದೊಡ್ಡ ನಮೂನೆಗೆ ಹೋಗಬೇಕು. ಹಸುವೂ ತೋಟವೂ ಎರಡೂ ಇರುವವನು ರೈತನಲ್ಲದೆ ಇನ್ನಾರು? ಸುಲಭದ ನಮೂನೆ ಮಾಡಿದವರಿಗೆ ಇದು ಹೊಳೆಯಲಿಲ್ಲ. ಅದಿರಲಿ, ಈ ಮೂರನೆಯ ನಮೂನೆಯವರು ತಿಳಿದವರ ನೆರವು ಪಡೆಯಲೇಬೇಕು.

ನೆರವು ಕೊಡತಕ್ಕವರಲ್ಲಿ ಚಾರ್ಟರ್ಡ್ ಅಕೌಂಟೆಂಟರು ಉಂಟು, ನಾವು ಆಡಿಟರು ಎನ್ನುವುದು ಅವರನ್ನೇ. ತೆರಿಗೆ ವಕೀಲರು, ತೆರಿಗೆ ಸಲಹೆಗಾರರು ಉಂಟು. 2006ರಲ್ಲಿ ಕೇಂದ್ರ ಸರ್ಕಾರ ಪದವೀಧರರಿಗೆ ತರಬೇತಿ ಕೊಟ್ಟು ರಿಟರ್ನು ಬರೆಯುವವರನ್ನು ತಯಾರು ಮಾಡುವ ಯೋಜನೆ ತಂದಿತು. ಒಳ್ಳೆಯ ಯೋಚನೆ, ಆದರೆ ಹಳ್ಳಿಯ ಕಡೆ ಅಂಥವರನ್ನು ನಾನು ಕಂಡದ್ದು ಕಡಿಮೆ. ಪ್ಯಾನ್ ಕಾರ್ಡು ಮಾಡಿಸುವುದು, ಆಧಾರ್ ಜೋಡಿಸುವುದು ಇಷ್ಟಕ್ಕೆ ಊರಿನ ಸಾಮಾನ್ಯ ಸೇವಾ ಕೇಂದ್ರ ಸಾಕು. ಪ್ಯಾನ್‌ಗೆ ಆಧಾರ್ ಜೋಡಿಸಬೇಕಾಗಿದ್ದೂ ಜೋಡಿಸದವರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಗಿದೆ. ಅಂಥವರ ಬಡ್ಡಿಯಲ್ಲಿ ಶೇಕಡ 10ರ ಬದಲು 20 ಹಿಡಿಯುತ್ತಾರೆ, ಮೊದಲು ಅದನ್ನು ಸರಿಮಾಡಿಸಿ. ಮೈಸೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಮೊದಲಾದ ಊರುಗಳಲ್ಲಿ ಇಲಾಖೆಯ ಕಚೇರಿಗಳಿವೆ. ಆಯಕರ ಸೇವಾ ಕೇಂದ್ರ ಎಂಬ ಕಿಟಕಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ, ವಿಚಾರಿಸಿದರೆ ದಾರಿ ಹೇಳುತ್ತಾರೆ. ತೆರಿಗೆ ಕಚೇರಿ ಎಂದರೆ ಹುಲಿಯ ಗವಿ ಎಂದು ನಮ್ಮವರ ಭಾವನೆ. ನಾನು ಹೋಗಿ ಬಂದಿದ್ದೇನೆ, ಕುರ್ಚಿ ಕೊಟ್ಟರು.

ಒಳ್ಳೆಯವನು ಯಾರು, ಮೋಸಗಾರ ಯಾರು ಎಂದು ತಿಳಿಯುವುದು ಹೇಗೆ? ಕೂಲಿ ಕೇಳುವವನ ಬಳಿ ಹೋಗಿ, ಪಾಲು ಕೇಳುವವನ ಬಳಿ ಹೋಗಬೇಡಿ. ಕೋರಿಗೆ ಉಳುವವನಿಗೆ ರಾಶಿ ದೊಡ್ಡದಾದಷ್ಟೂ ಲಾಭ. ಹೊಲದಲ್ಲಾದರೆ ಅದು ನ್ಯಾಯ, ಅವನು ಬೆವರು ಸುರಿಸಿ ರಾಶಿ ಬೆಳೆಸುತ್ತಾನೆ. ತೆರಿಗೆಯ ವಾಪಸಿನಲ್ಲಿ ಪಾಲುಗಾರನು ರಾಶಿ ಬೆಳೆಸುವುದು ಸುಳ್ಳಿನಿಂದ ಮಾತ್ರ ಸಾಧ್ಯ. 2025ರ ಜುಲೈ 14ರಂದು ಇಲಾಖೆ ದೇಶದ ಅನೇಕ ಕಡೆ ಇಂಥವರ ಮೇಲೆ ಶೋಧನೆ ನಡೆಸಿತು. ಸುಳ್ಳು ಕಡಿತ ತೋರಿಸಿ ರಾಶಿ ರಾಶಿ ರಿಟರ್ನು ಹಾಕುವುದು, ಅದಕ್ಕೆಂದೇ ತಾತ್ಕಾಲಿಕ ಇ-ಮೇಲ್ ವಿಳಾಸ ಮಾಡಿ ಆಮೇಲೆ ಬಿಟ್ಟುಬಿಡುವುದು, ನೋಟೀಸುಗಳು ಓದುವವರಿಲ್ಲದೆ ಬೀಳುವುದು, ಇವನ್ನೆಲ್ಲ ಸರ್ಕಾರವೇ ಪ್ರಕಟಣೆಯಲ್ಲಿ ಹೇಳಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿಯೇ ರಿಟರ್ನು ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಬೇಡಿಕೆಗಳನ್ನು ಹಿಂದಕ್ಕೆ ಪಡೆದರಂತೆ. ನಮ್ಮ ಪಕ್ಕದೂರಿನವರು ಒಂಟಿಯಲ್ಲ.

ಆದುದರಿಂದ ಯಾರ ಬಳಿ ಹೋದರೂ ಖಾತೆಯಲ್ಲಿ ನಿಮ್ಮದೇ ಮೊಬೈಲು, ನಿಮ್ಮ ಮನೆಯವರದೇ ಇ-ಮೇಲ್ ಇರುವಂತೆ ನೋಡಿ. ಗುಪ್ತಪದವನ್ನು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಗುಟ್ಟಿನ ಸಂಖ್ಯೆಯನ್ನು ಫೋನಿನಲ್ಲಿ ಯಾರಿಗೂ ಓದಿ ಹೇಳಬೇಡಿ, ಎದುರಿಗೆ ಕೂತು, ಬರೆದುದನ್ನು ಕನ್ನಡದಲ್ಲಿ ಒಂದು ಸಲ ಓದಿಸಿಕೊಂಡು ಆಮೇಲೆ ಕೊಡಿ. ಅದನ್ನು ಕೊಟ್ಟರೆ ಹೆಬ್ಬೆಟ್ಟು ಒತ್ತಿದ ಹಾಗೆಯೇ. ಹಿಂದಿನವರು ಸಾಹುಕಾರನ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಕಥೆಯನ್ನು ನೀವೇ ನಿಮ್ಮ ಮಕ್ಕಳಿಗೆ ಹೇಳಿದ್ದೀರಿ. ‘ಏನು ಕಡಿತ ಹಾಕಿದ್ದೀರಿ, ಅದಕ್ಕೆ ರಸೀತಿ ಎಲ್ಲಿದೆ?’ ಎಂದು ಧೈರ್ಯವಾಗಿ ಕೇಳಿ. ಕೆಲಸ ಬಲ್ಲವನು ರೇಗುವುದಿಲ್ಲ. ರಿಟರ್ನಿನ ಪ್ರತಿ, ಸಂಬಳದ ರಸೀತಿ ಎರಡನ್ನೂ ಕೈಗೆ ತೆಗೆದುಕೊಳ್ಳದೆ ಜಗಲಿ ಇಳಿಯಬೇಡಿ.

ಹೋಗುವಾಗ ಏನು ಒಯ್ಯಬೇಕು? ಪ್ಯಾನ್, ಆಧಾರ್, ಎಲ್ಲ ಬ್ಯಾಂಕಿನ ಪಾಸ್ ಪುಸ್ತಕ, ಠೇವಣಿಯ ಪತ್ರ. ಸಹಕಾರ ಸಂಘದ ಠೇವಣಿಯನ್ನು ಮರೆಯುತ್ತಾರೆ, ಅದರ ಬಡ್ಡಿಯೂ ಬಡ್ಡಿಯೇ. ಪಹಣಿ ಬೇಕು. ಮಂಡಿಯಲ್ಲಿ ಅಡಿಕೆ ಕೊಟ್ಟ ಪಟ್ಟಿ, ಮಾರುಕಟ್ಟೆ ಸಮಿತಿಯ ರಸೀತಿ, ಗೊಬ್ಬರದ ಬಿಲ್ಲು, ಕೂಲಿಯ ಲೆಕ್ಕ ಬೇಕು. ಬೇಸಾಯದ ವರಮಾನ ಬರೆಯುವಾಗ ಒಟ್ಟು ಬಂದುದೆಷ್ಟು, ಖರ್ಚೆಷ್ಟು ಎಂದು ಎರಡನ್ನೂ ಬರೆಯಬೇಕಾಗುತ್ತದೆ. ನಮ್ಮವರು ಪಟ್ಟಿಯನ್ನು ಅಂಗಿಯ ಜೇಬಿನಲ್ಲಿಟ್ಟು ಅಂಗಿಯನ್ನು ಒಗೆಯಲು ಹಾಕುತ್ತಾರೆ! ಗೋಡೆಗೆ ಒಂದು ಮೊಳೆ ಹೊಡೆದು ಬಟ್ಟೆಯ ಚೀಲ ನೇತುಹಾಕಿ, ಬಂದ ಕಾಗದವನ್ನೆಲ್ಲ ಅದರಲ್ಲಿ ತುರುಕಿ. ವರ್ಷದ ಕೊನೆಗೆ ಅದೇ ದಫ್ತರ. ಇನ್ನೊಂದು ಕಾಗದ ಇಲಾಖೆಯ ಬಳಿಯೇ ಇದೆ. ನಿಮಗೆ ಎಲ್ಲೆಲ್ಲಿಂದ ಬಡ್ಡಿ, ಬಾಡಿಗೆ ಬಂತು, ಎಷ್ಟು ತೆರಿಗೆ ಹಿಡಿದರು ಎಂಬ ವಾರ್ಷಿಕ ಮಾಹಿತಿಯ ತಃಖ್ತೆಯನ್ನು 2021ರ ನವೆಂಬರಿನಿಂದ ನಿಮ್ಮ ಖಾತೆಯಲ್ಲಿ ಹಾಕುತ್ತಿದ್ದಾರೆ. ಬರೆಯುವ ಮೊದಲು ಅದನ್ನು ತೆಗೆಸಿ ನೋಡಿ. ಅದರಲ್ಲಿರುವ ಬಡ್ಡಿಯನ್ನು ‘ಬೇಸಾಯ’ ಎಂದು ಬರೆದರೆ ಸಿಕ್ಕಿಬೀಳುವುದು ಎಷ್ಟು ಹೊತ್ತಿನ ಮಾತು? ತಃಖ್ತೆಯಲ್ಲಿ ತಪ್ಪಿದ್ದರೆ ಅದನ್ನು ತಿಳಿಸಲೂ ಅಲ್ಲೇ ಅವಕಾಶವಿದೆ.

ವ್ಯಾಪಾರ ಇಲ್ಲದವರಿಗೆ ಗಡುವು ಸಾಮಾನ್ಯವಾಗಿ ಜುಲೈ 31. ತಪ್ಪಿದರೆ ಡಿಸೆಂಬರ್ 31ರವರೆಗೆ ತಡದ ಶುಲ್ಕ ಕೊಟ್ಟು ಹಾಕಬಹುದು. ಒಟ್ಟು ವರಮಾನ 5 ಲಕ್ಷದೊಳಗಿದ್ದರೆ ಶುಲ್ಕ 1,000, ಮೀರಿದರೆ 5,000. ಹಾಕಿದ ಮೇಲೆ 30 ದಿನದೊಳಗೆ ಅದನ್ನು ದೃಢಪಡಿಸಬೇಕು, ಆಧಾರ್ ಸಂಖ್ಯೆಯ ಮೂಲಕ ನಿಮಿಷದ ಕೆಲಸ. ಆಗದಿದ್ದರೆ ಸಹಿ ಮಾಡಿದ ಒಂದು ಹಾಳೆಯನ್ನು ಅಂಚೆಯಲ್ಲಿ ಕಳಿಸಬೇಕು. ಎಲ್ಲಿಗೆ ಅಂತೀರಿ? ನಮ್ಮ ಬೆಂಗಳೂರಿಗೇ. ಕಾಶ್ಮೀರದವನ ರಿಟರ್ನಾದರೂ ಕನ್ಯಾಕುಮಾರಿಯವನದಾದರೂ ಪರಿಶೀಲನೆಯ ಕೇಂದ್ರ ಬೆಂಗಳೂರಿನಲ್ಲಿದೆ. ದೃಢಪಡಿಸದ ರಿಟರ್ನು ಹಾಕದ ಹಾಗೆಯೇ ಲೆಕ್ಕ. ವಾಪಸು ಬರತಕ್ಕ ಹಣ ನಿಮ್ಮ ಹೆಸರಿನ ಖಾತೆಗೇ ಬರುತ್ತದೆ, ನಡುವೆ ಯಾರ ಕೈಯೂ ಬೇಕಿಲ್ಲ.

ನೋಟೀಸು ಬಂತೆಂದು ಯಾರಾದರೂ ಫೋನು ಮಾಡಿ ದುಡ್ಡು ಕೇಳಿದರೆ ನಂಬಬೇಡಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳ ಮೇಲೆ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದು ನಿಜವೇ ಎಂದು ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಿಜವಾದ ನೋಟೀಸಾದರೆ ಗಡುವಿನೊಳಗೆ ಉತ್ತರ ಕೊಡಿ. ಹಿಂದೆ ಯಾರೋ ನಿಮ್ಮ ಹೆಸರಿನಲ್ಲಿ ತಪ್ಪು ಬರೆದಿದ್ದಾರೆ ಎಂದು ಈಗ ಸಂಶಯ ಬಂದರೆ, ನೋಟೀಸಿಗೆ ಕಾಯಬೇಡಿ. ಹೆಚ್ಚುವರಿ ತೆರಿಗೆ ಕಟ್ಟಿ ತಿದ್ದಿದ ರಿಟರ್ನು ಹಾಕಲು ನಾಲ್ಕು ವರ್ಷದವರೆಗೆ ಅವಕಾಶವನ್ನು 2025ರಲ್ಲಿ ವಿಸ್ತರಿಸಿದ್ದಾರೆ. ಬೇಗ ತಿದ್ದಿದರೆ ಹೆಚ್ಚುವರಿ ಕಡಿಮೆ, ತಡವಾದಷ್ಟೂ ಜಾಸ್ತಿ.

ನಮ್ಮ ರೈತರು ಜಿಲ್ಲಾ ಕೇಂದ್ರದ ಆಡಿಟರೊಬ್ಬರನ್ನು ಹಿಡಿದರು. 22,360 ರೂಪಾಯಿಯನ್ನು ಬಡ್ಡಿಸಹಿತ ಕಟ್ಟಿದ್ದಾಯಿತು. ದಂಡದ ಪ್ರಕರಣ ಇನ್ನೂ ನಡೆಯುತ್ತಿದೆ, ಉತ್ತರ ಬರೆದು ಹಾಕಿದ್ದಾರೆ. ಅಂಗಡಿಯವನ ಪತ್ತೆ ಇಲ್ಲ. 2024-25ರ ರಿಟರ್ನನ್ನು ಡಿಸೆಂಬರ್ ಮುಗಿಯುವ ಮೊದಲು ಇದ್ದುದನ್ನು ಇದ್ದ ಹಾಗೆ ಬರೆಸಿ ಹಾಕಿದರು, ಹಿಡಿದ ತೆರಿಗೆ ವಾಪಸು ಬರಬೇಕಾಗಿದೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಗೋಡೆಯ ಮೊಳೆಗೆ ಎರಡು ಚೀಲ ನೇತಾಡುತ್ತಿದ್ದವು, ಒಂದು ಮೆಣಸಿನಕಾಯಿ ಬೀಜದ್ದು, ಒಂದು ಕಾಗದದ್ದು.

ಕಾಗದ ಪೆನ್ಸಿಲು ಹಿಡಿದಿದ್ದವರು ಇಲಾಖೆಯ ಸಹಾಯವಾಣಿಯ ಸಂಖ್ಯೆ ಬರೆದುಕೊಳ್ಳಿ. ಹಣ ಕೊಡಬೇಕಾಗಿಲ್ಲ. 1800 103 0025. ಇನ್ನೊಮ್ಮೆ ಹೇಳುತ್ತೇನೆ: ಒಂದು ಎಂಟು ಸೊನ್ನೆ ಸೊನ್ನೆ, ಒಂದು ಸೊನ್ನೆ ಮೂರು, ಸೊನ್ನೆ ಸೊನ್ನೆ ಎರಡು ಐದು. ಗಡುವಿನ ಕೊನೆಯ ವಾರ ಆ ತಂತಿ ಸಿಗುವುದು ಕಷ್ಟ. ಜೂನಿನಲ್ಲೇ, ಮೊದಲ ಮಳೆಗೆ ಹೊಲ ಹದ ಮಾಡಿ ಮುಗಿಸಿದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಕೇಳಿ.